ಫೆಬ್ರವರಿ ಮೂವತ್ತರಂದು ಹುಟ್ಟಿದವಳು

ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಮೇಡಂಗಳು ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನನ್ನು ಒಂದು ಮಾತು ಕೇಳುತ್ತಾರೆ. "ಸರ್, ಮೂವತ್ತೆಂಟು ವರ್ಷ ಹೆಂಗೆ ಸುಧಾರಿಸಿದ್ರಿ? ನಮಗೂ ಏನಾರ ಒಂದು ಕಿವಿಮಾತು ಹೇಳ್ರಿ."

ನಾನು ಹೇಳುವುದು ಒಂದೇ. ಪಾಠಕ್ಕೆ ಹೆದರಬೇಡಿ. ಪಾಠದಲ್ಲಿ ತಪ್ಪು ಹೇಳಿದರೂ ಮಕ್ಕಳು ದೊಡ್ಡ ಮನಸ್ಸಿನಿಂದ ಮರುದಿನವೇ ಮರೆತುಬಿಡುತ್ತಾರೆ. ಹೆದರಬೇಕಾದದ್ದು ದಾಖಲಾತಿ ಪುಸ್ತಕಕ್ಕೆ. ಮಗುವನ್ನು ಶಾಲೆಗೆ ಸೇರಿಸುವ ದಿನ ಅದರಲ್ಲಿ ಬರೆದ ಹೆಸರು, ಹುಟ್ಟಿದ ತಾರೀಖು ಬೀರುವಿನಲ್ಲಿ ತೆಪ್ಪಗೆ ಮಲಗಿರುತ್ತವೆ. ನೀವು ನಿವೃತ್ತರಾಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿರುವಾಗ ಎದ್ದು ಬಂದು ಬಾಗಿಲು ತಟ್ಟುತ್ತವೆ. ನನ್ನ ಬಾಗಿಲು ತಟ್ಟಿದ ತಾರೀಖಿನ ಕಥೆ ಹೇಳುತ್ತೇನೆ. ಬಡ್ತಿ, ಸನ್ಮಾನದ ಕಥೆ ಬೇಕಾದವರು ನನ್ನ ಹೆಂಡತಿ ಸರೋಜಳನ್ನು ಕೇಳಬಹುದು. ಅವೆರಡೂ ನನಗೆ ಯಾಕೆ ಸರಿಯಾಗಿ ಸಿಗಲಿಲ್ಲ ಎಂಬುದನ್ನು ಅವಳು ನನಗಿಂತ ಚೆನ್ನಾಗಿ ವಿವರಿಸುತ್ತಾಳೆ.

ನಾನು ನಿವೃತ್ತನಾದದ್ದು ನ್ಯಾಮತಿಯಲ್ಲಿ, ಮೇ ಮೂವತ್ತೊಂದರಂದು. ಅಂದೇ ನನ್ನ ಜೊತೆ ಇನ್ನೂ ಆರು ಜನ ಮೇಷ್ಟ್ರುಗಳು ನಿವೃತ್ತರಾದರು. ಯಾಕೆಂದರೆ ನಾವೆಲ್ಲ ಹುಟ್ಟಿದ್ದು ಜೂನ್ ಒಂದರಂದು. ನಮ್ಮ ಕಾಲದ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದರಂದು. ಅಪ್ಪ ಅವ್ವನಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆ ಶುರುವಾಗುವ ಕಾಲವಾದ್ದರಿಂದ ವಯಸ್ಸಿನ ಲೆಕ್ಕ ಸುಲಭ. ತಿಂಗಳ ಮೊದಲ ದಿನ ಹುಟ್ಟಿದವನನ್ನು ಸರ್ಕಾರ ಹಿಂದಿನ ದಿನವೇ ಮನೆಗೆ ಕಳಿಸುತ್ತದೆ. ಹೂವಿನವಳು, "ಏನ್ರೀ, ಇವತ್ತು ಮೇಷ್ಟ್ರುಗಳ ಸುಗ್ಗಿನಾ?" ಎಂದು ಕೇಳಿದಳಂತೆ. ಹಾರ ಸಾಲದೆ ನನಗೂ ಡ್ರಿಲ್ ಮೇಷ್ಟ್ರಿಗೂ ಸೇರಿಸಿ ಒಂದೇ ಹಾರ ಹಾಕಿದರು. ಆ ಫೋಟೊದಲ್ಲಿ ನಾವಿಬ್ಬರೂ ಮನೆಯವರ ವಿರೋಧದ ನಡುವೆ ಮದುವೆಯಾದವರಂತೆ ಕಾಣುತ್ತೇವೆ.

ಮರುವರ್ಷ ಫೆಬ್ರವರಿ ಇಪ್ಪತ್ತೇಳರ ಬೆಳಿಗ್ಗೆ ಫೋನ್ ಬಂತು.

"ಸರ್, ನಾನು ಹಾಲಮ್ಮ ರೀ. ಸವಳಂಗದ ಆಚೆ ನಿಮ್ಮ ಕೈಯಾಗೆ ಒಂದರಿಂದ ಏಳರ ತನಕ ಓದಿದೋಳು."

"ಹಾಂ ಹಾಂ, ಹೇಳಮ್ಮ," ಎಂದೆ. ಯಾವ ಹಾಲಮ್ಮ ಎಂದು ಗೊತ್ತಾಗಿರಲಿಲ್ಲ. ಮೇಷ್ಟ್ರಾದವರು ಇದನ್ನು ಒಪ್ಪಿಕೊಳ್ಳಬಾರದು.

"ಸರ್, ನಾನಿನ್ನೂ ಹುಟ್ಟೇ ಇಲ್ಲ ಅಂತೈತೆ ರೀ ಕಂಪ್ಯೂಟರ್."

ನ್ಯಾಮತಿಯ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಅಡುಗೆಯವರು ಬೇಕಾಗಿದ್ದರು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಹಾಲಮ್ಮನ ಆಧಾರ್ ಕಾರ್ಡಿನಲ್ಲಿ ಬರೀ ಇಸವಿ ಇತ್ತು. ಪೂರ್ತಿ ತಾರೀಖಿಗೆ ಶಾಲೆಯ ಟಿ.ಸಿ. ತೋರಿಸು ಎಂದರಂತೆ. ಟಿ.ಸಿ.ಯಲ್ಲಿ ಹುಟ್ಟಿದ ತಾರೀಖು ಫೆಬ್ರವರಿ ಮೂವತ್ತು ಎಂದಿತ್ತು. ಅರ್ಜಿ ತುಂಬುವ ಅಂಗಡಿಯವನು ಮೂರು ಸಲ ಒತ್ತಿದರೂ ಪರದೆಯ ಮೇಲಿನ ಪೆಟ್ಟಿಗೆ ಕೆಂಪಗಾಯಿತಂತೆ. "ಅಕ್ಕಾ, ಇಂಥ ದಿನ ಇನ್ನೂ ಬಂದಿಲ್ಲ, ಬಂದ ಮೇಲೆ ಬಾ" ಎಂದನಂತೆ.

"ಕಡೇ ದಿನ ಮಾರ್ಚ್ ನಾಲ್ಕು ಸರ್. ಅವತ್ತಿಗೆ ಮೂವತ್ತೈದು ತುಂಬಿರಬಾರ್ದಂತೆ. ಈ ಸಲ ಬಿಟ್ಟರೆ ನನಗೆ ಇನ್ನೊಂದು ಸಲ ಇಲ್ಲ ರೀ. ವರ್ಷಕ್ಕೆ ಮೂರು ತಿಂಗಳು ಅಡಿಕೆ ಸುಲಿತೀನಿ, ಉಳಿದ ಒಂಬತ್ತು ತಿಂಗಳು ಕರೆದೋರ ಮನೆ ದಾರಿ ಕಾಯ್ತೀನಿ. ನಿಮ್ಮ ಕೈಯಾರೆ ಬರೆದೀರಂತೆ. ನನ್ನ ಹುಟ್ಟಿಸಿ ಕೊಡ್ರಿ ಸರ್."

ಸ್ಪೀಕರಿನಲ್ಲಿ ಕೇಳುತ್ತಿದ್ದ ಸರೋಜ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಲೆಕ್ಕದ ಮೇಷ್ಟ್ರು ನೀವು," ಎಂದಳು. "ಮೂವತ್ತಕ್ಕೇ ಯಾಕೆ ನಿಲ್ಸಿದ್ರಿ? ಮೂವತ್ತೊಂದು ಹಾಕಬೇಕಿತ್ತು."

ಇಂಥ ತಾರೀಖು ಹೇಗೆ ಹುಟ್ಟಿತು ಎಂಬುದಕ್ಕೆ ನಾನು ಕೆಲಸಕ್ಕೆ ಸೇರಿದ ದಿನಕ್ಕೇ ಹೋಗಬೇಕು.

ನನ್ನ ಮೊದಲ ಶಾಲೆ ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಒಳಗೆ ಒಂದು ಹಳ್ಳಿಯಲ್ಲಿತ್ತು. ಅಲ್ಲಿಯ ಹಿರಿಯ ಮೇಷ್ಟ್ರು ಗುರುಬಸಪ್ಪನವರು ಮಗುವಿನ ವಯಸ್ಸನ್ನು ಕೈಯಿಂದ ಅಳೆಯುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ, ಮುಟ್ಟದಿದ್ದರೆ ಮನೆಗೆ ಹೋಗಿ ಬೆಳೆದುಕೊಂಡು ಬಾ. ತುಂಡುಗೈಯ ಮಕ್ಕಳು ಎರಡೆರಡು ವರ್ಷ ಹೊರಗೆ ಉಳಿಯುತ್ತಿದ್ದರು. ಉದ್ದಗೈಯ ಮಕ್ಕಳು ಚಡ್ಡಿ ಕಟ್ಟಿಕೊಳ್ಳಲು ಬಾರದಿದ್ದರೂ ಒಂದನೇ ಕ್ಲಾಸಿನಲ್ಲಿ ಕೂರುತ್ತಿದ್ದರು.

ಒಮ್ಮೆ ಕುರಿ ಕಾಯುವವನೊಬ್ಬ ಮಗನನ್ನು ಕರೆತಂದ. ಹುಡುಗನ ಬೆರಳು ಕಿವಿಗೆ ಒಂದು ಗೇಣು ಮೊದಲೇ ನಿಂತಿತು. ಅಪ್ಪ ಕೈ ಹಿಡಿದು ಜಗ್ಗಿದ, ತಲೆ ಬಗ್ಗಿಸಿದ, ಕಿವಿಯನ್ನೇ ಮೇಲಕ್ಕೆಳೆದು ನೋಡಿದ. ಆಗಲಿಲ್ಲ. ಕೊನೆಗೆ ಸಿಟ್ಟು ಬಂದು ಹುಡುಗನ ಬಾಯಿ ತೆರೆದು ನಮಗೆ ತೋರಿಸಿದ.

"ಕುರಿಗೆ ನಾವು ಹಲ್ಲು ನೋಡ್ತೀವಿ, ನೀವು ಕಿವಿ ನೋಡ್ತೀರಿ. ಎರಡು ಹಲ್ಲು ಬಿದ್ದಾವೆ ನೋಡ್ರಿ ಬುದ್ಧಿ, ಆರು ತುಂಬೈತೆ. ನಾನು ಒಂದು ಕುರಿ ವಯಸ್ಸು ತಪ್ಪಿದೋನಲ್ಲ, ಮಗನ ವಯಸ್ಸು ತಪ್ತೀನಾ?"

ಗುರುಬಸಪ್ಪನವರು ಹಲ್ಲಿನ ಸಾಕ್ಷಿಯನ್ನು ಒಪ್ಪಿ ಹುಡುಗನನ್ನು ಸೇರಿಸಿಕೊಂಡರು. "ತಿಪ್ಪೇಸ್ವಾಮಿ, ಬರಿ, ಜೂನ್ ಒಂದು" ಎಂದರು. ಬರೆದೆ. ಆ ಪುಸ್ತಕದಲ್ಲಿ ಮೇಲಿಂದ ಕೆಳಗೆ ಎಲ್ಲರದ್ದೂ ಜೂನ್ ಒಂದೇ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು, ನಾನೊಂದು ಬುದ್ಧಿವಂತಿಕೆ ಮಾಡದೆ ಇದ್ದಿದ್ದರೆ. ಹೊಸ ಬಿಸಿ ರಕ್ತ. ಮಕ್ಕಳ ಹುಟ್ಟುಹಬ್ಬವನ್ನು ಶಾಲೆಯಲ್ಲಿ ಆಚರಿಸಬೇಕೆಂದು ಆಸೆಯಾಯಿತು. ಖರ್ಚಿಲ್ಲದ ಆಚರಣೆ. ಆ ದಿನ ಹುಟ್ಟಿದ ಮಗು ಪ್ರಾರ್ಥನೆಯ ಹೊತ್ತಿಗೆ ಮುಂದೆ ಬಂದು ನಿಲ್ಲಬೇಕು, ಉಳಿದವರು ಚಪ್ಪಾಳೆ ಹೊಡೆಯಬೇಕು, ನಾನೊಂದು ಪೆಪ್ಪರಮೆಂಟು ಕೊಡಬೇಕು. ಜೂನ್ ಒಂದು ಬಂತು. "ಇಂದು ಹುಟ್ಟಿದವರು ಮುಂದೆ ಬನ್ನಿ" ಎಂದೆ. ಇಡೀ ಶಾಲೆ ಎದ್ದು ಮುಂದೆ ಬಂತು. ಗುರುಬಸಪ್ಪನವರೂ ಬಂದು ಸಾಲಿನ ಕೊನೆಯಲ್ಲಿ ನಿಂತರು. ಚಪ್ಪಾಳೆ ಹೊಡೆಯಲು ಯಾರೂ ಉಳಿದಿರಲಿಲ್ಲ. ನನ್ನದೂ ಅಂದೇ ಹುಟ್ಟುಹಬ್ಬ ಎಂಬುದನ್ನು ಮರೆತು ಬಯಲಿನಲ್ಲಿ ನಾನೊಬ್ಬನೇ ಪಟಪಟ ಹೊಡೆದೆ. ಕುರಿಗಳು ತಿರುಗಿ ನೋಡಿದವು.

ಅಂದೇ ನಿಶ್ಚಯಿಸಿದೆ. ಇನ್ನು ಮೇಲೆ ನಾನು ಸೇರಿಸಿಕೊಳ್ಳುವ ಒಂದೊಂದು ಮಗುವಿಗೂ ಒಂದೊಂದು ಬೇರೆ ತಾರೀಖು ಸಿಗಬೇಕು, ಅದೂ ಸುಮ್ಮನೆ ಕಟ್ಟಿದ್ದಲ್ಲ, ಲೆಕ್ಕ ಹಾಕಿ ತೆಗೆದದ್ದು.

ಚನ್ನಗಿರಿಗೆ ವರ್ಗವಾದ ಮೇಲೆ ನನ್ನ ಪದ್ಧತಿಗೆ ರೆಕ್ಕೆ ಬಂತು. ಹುಟ್ಟಿದ ದಿನ ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ, ಆದರೆ ಆಗ ಏನು ನಡೆಯುತ್ತಿತ್ತು ಎಂದು ಕೇಳಿದರೆ ಎಲ್ಲರಿಗೂ ಗೊತ್ತಿರುತ್ತಿತ್ತು. "ಶೇಂಗಾ ಕಿತ್ತ ವಾರ", "ಗೌರಿಹಬ್ಬದ ಹಿಂದಿನ ದಿನ", "ಇವರಪ್ಪ ಮರದಿಂದ ಬಿದ್ದನಲ್ಲ, ಅದರ ನಾಳೆಗೆ". ಕಿರಾಣಿ ಅಂಗಡಿಯವರ ಬಳಿ ಹಳೆಯ ಪಂಚಾಂಗಗಳ ಕಟ್ಟು ಇತ್ತು. ನಾನು ಹಬ್ಬ ಹಿಡಿದು ತಾರೀಖು ತೆಗೆದು, ದಿನ ಕೂಡಿಸಿ, ಕಳೆದು, ಬರೆಯುತ್ತಿದ್ದೆ. ಎಡವಿದ್ದೂ ಉಂಟು. ಅಣ್ಣತಮ್ಮ ಇಬ್ಬರನ್ನು ಬೇರೆ ಬೇರೆ ವರ್ಷ ಸೇರಿಸಿಕೊಂಡಿದ್ದೆ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಪುಸ್ತಕ ನೋಡಿ, ಅಣ್ಣನಿಗೂ ತಮ್ಮನಿಗೂ ಮೂರೇ ತಿಂಗಳ ಅಂತರವಿದೆ ಎಂದು ಕಂಡುಹಿಡಿದರು.

"ಮೇಷ್ಟ್ರೇ, ಈ ತಾಯಿಯ ವಿಳಾಸ ಕೊಡ್ರಿ," ಎಂದರು. "ಆಕೆಗೆ ಕೈ ಮುಗಿದು ಬರಬೇಕು."

ಅಲ್ಲಿ ನನ್ನ ಬಳಿ ಶಶಿಕಲಾ ಎಂಬ ಹುಡುಗಿ ಓದುತ್ತಿದ್ದಳು. ಲೆಕ್ಕದಲ್ಲಿ ಬಲು ಚುರುಕು. ಉತ್ತರ ತಲೆಯಲ್ಲೇ ಹೊಳೆಯುತ್ತಿದ್ದುದರಿಂದ ನಡುವಿನ ಹಂತಗಳನ್ನು ಬರೆಯುತ್ತಿರಲಿಲ್ಲ. ನಾನು ಪ್ರತಿ ಸಲವೂ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, "ಹಂತ ತೋರಿಸದ ಉತ್ತರ, ಉತ್ತರವಲ್ಲ" ಎಂದು ಬರೆಯುತ್ತಿದ್ದೆ. ಒಮ್ಮೆ ಜೂನ್ ತಿಂಗಳಿಗೆ ಮೂವತ್ತೊಂದು ದಿನ ಬರೆದಳೆಂದು, ಮುಷ್ಟಿ ಹಿಡಿದು ಗೆಣ್ಣು ಎಣಿಸಿ ತಿಂಗಳ ದಿನ ಹೇಳುವುದನ್ನು ಇಡೀ ಕ್ಲಾಸಿನ ಮುಂದೆ ಇಪ್ಪತ್ತು ಸಲ ಮಾಡಿಸಿದೆ. ಈ ಹುಡುಗಿಯನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಆಮೇಲೆ ಬಂದದ್ದು ಸವಳಂಗದ ಆಚೆಗಿನ ಹಳ್ಳಿಗೆ. ಹೆಸರು ಬೇಡ, ಆ ಊರಿನ ಇನ್ನೆಷ್ಟು ಜನಕ್ಕೆ ನಾನು ಎಂಥ ತಾರೀಖು ಕೊಟ್ಟಿದ್ದೇನೋ ನನಗೇ ಗೊತ್ತಿಲ್ಲ.

ಫೋನ್ ಬಂದ ದಿನವೇ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಶಾಲೆಯ ಗೇಟಿನಲ್ಲಿ ಹಾಲಮ್ಮ ಕಾಯುತ್ತಿದ್ದಳು. ಮುಖ ನೋಡಿದ ಮೇಲೆ ನೆನಪಾಯಿತು. ಎರಡು ಜಡೆ, ಮಾತು ಕಡಿಮೆ, ಕೊನೆಯ ಬೆಂಚು. ಈಗ ಅವಳ ಕೈಬೆರಳೆಲ್ಲ ಅಡಿಕೆ ಚೊಗರಿನಿಂದ ಕಪ್ಪಾಗಿದ್ದವು. ಒಳಗೆ ಹೆಡ್‌ಮೇಡಂ ಕುರ್ಚಿಯಲ್ಲಿ ಶಶಿಕಲಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಕಾಲು ಮುಟ್ಟಿ ನಮಸ್ಕರಿಸಿದಳು. ಏಕವಚನವೋ ಬಹುವಚನವೋ ತಿಳಿಯದೆ ನಾನು, "ಚೆನ್ನಾಗಿದ್ದೀಯಾ ಮೇಡಂ" ಎಂದುಬಿಟ್ಟೆ.

ಅವಳು ಬೀರು ತೆಗೆದು ಪುಸ್ತಕ ಹರವಿದಳು. ನನ್ನದೇ ದುಂಡು ಅಕ್ಷರ. 'ಕು. ಹಾಲಮ್ಮ' ಎಂದಿತ್ತು, ಮುಂದೆ ಮೂವತ್ತು, ಎರಡು, ಇಸವಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ನನ್ನ ಲೆಕ್ಕವೂ ಇತ್ತು: ಶಿವರಾತ್ರಿ ೧೭, ಕೂಡು ೧೩, ಒಟ್ಟು ೩೦. ಹಂತ ತೋರಿಸಿದ್ದೆ, ಅದೊಂದು ಸಮಾಧಾನ.

"ಸರ್, ಮುಷ್ಟಿ ಹಿಡೀರಿ," ಎಂದಳು ಶಶಿಕಲಾ.

"ಶಶಿಕಲಾ..."

"ಹಿಡೀರಿ ಸರ್. ಜನವರಿ ಗೆಣ್ಣು. ಫೆಬ್ರವರಿ?"

"ತಗ್ಗು," ಎಂದೆ.

"ತಗ್ಗಿಗೆ ಎಷ್ಟು?"

"ಇಪ್ಪತ್ತೆಂಟು," ಎಂದೆ. ಬಾಗಿಲಲ್ಲಿ ಇಣುಕುತ್ತಿದ್ದ ನಾಲ್ಕನೇ ಕ್ಲಾಸಿನ ಮಕ್ಕಳು ಚಪ್ಪಾಳೆ ಹೊಡೆದರು.

ಪುಸ್ತಕದಲ್ಲಿದ್ದ ಇಸವಿಯ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಲೆಕ್ಕ ಸರಿಮಾಡಿದರೆ ಹಾಲಮ್ಮ ಹುಟ್ಟಿದ್ದು ಮಾರ್ಚ್ ಎರಡು. ಇಷ್ಟು ಸುಲಭವೇ ಎಂದು ನಾನು ನಗುತ್ತ ತಲೆ ಎತ್ತಿದರೆ ಹಾಲಮ್ಮನ ಮುಖ ಕಪ್ಪಿಟ್ಟಿತ್ತು. ಅವಳು ಲೆಕ್ಕವನ್ನು ನನಗಿಂತ ಬೇಗ ಮುಗಿಸಿದ್ದಳು. ಮಾರ್ಚ್ ಎರಡಕ್ಕೆ ಹುಟ್ಟಿದ್ದರೆ ಈ ಮಾರ್ಚ್ ಎರಡಕ್ಕೆ ಮೂವತ್ತೈದು ತುಂಬುತ್ತದೆ. ಕಡೇ ದಿನ ನಾಲ್ಕು. ಎರಡೇ ದಿನಕ್ಕೆ ವಯಸ್ಸು ಮೀರಿತು. ಇಷ್ಟು ವರ್ಷ ಹುಟ್ಟದೆ ಇದ್ದವಳು, ಹುಟ್ಟಿದ ಕೂಡಲೇ ಮುದುಕಿಯಾದಳು.

"ಸರ್, ಹೆಂಗೂ ನೀವೇ ಕೊಟ್ಟಿದ್ದು," ಎಂದಳು ಹಾಲಮ್ಮ, ನೆಲ ನೋಡುತ್ತ. "ಇನ್ನೊಂದು ಕೊಡ್ರಿ. ಮಾರ್ಚ್ ಹತ್ತು ಅಂತ ಬರೀರಿ. ಯಾರು ಕೇಳ್ತಾರೆ?"

ನಾನು ಪೆನ್ನಿನ ಕ್ಯಾಪು ತೆಗೆದೆ. ಸುಳ್ಳು ಹೇಳುವುದಿಲ್ಲ, ತೆಗೆದೆ. ಅರ್ಧ ತಾಲ್ಲೂಕಿಗೆ ತಾರೀಖು ಹಂಚಿದ ಕೈ ಅದು, ಇನ್ನೊಂದಕ್ಕೆ ಹಿಂಜರಿಯುವುದೇನು? ಶಶಿಕಲಾ ಪುಸ್ತಕದ ಮೇಲೆ ಕೈ ಇಟ್ಟಳು.

"ಕೆಳಗೆ ನನ್ನ ಸಹಿ ಬೀಳುತ್ತೆ ಸರ್. ಇಲ್ಲದ ತಾರೀಖನ್ನು ತಿದ್ದಾಕೆ ದಾರಿ ಐತೆ. ಬರೆದ ಮೇಷ್ಟ್ರು ತಪ್ಪು ಒಪ್ಪಿ ಬರೆದುಕೊಡಬೇಕು, ಮನೆ ಹಿರಿಯರ ಹೇಳಿಕೆ ಬೇಕು, ಎರಡನ್ನೂ ಮೇಲಿನ ಕಚೇರಿಗೆ ಕಳಿಸಬೇಕು. ಆದ್ರೆ ಮಾರ್ಚ್ ಹತ್ತು ಎಲ್ಲಿಂದ ಬಂತು ಅಂತ ಕೇಳಿದ್ರೆ ಏನು ಹೇಳ್ಲಿ? ಹಂತ ತೋರಿಸದ ಉತ್ತರ, ಉತ್ತರವಲ್ಲ. ನನಗೆ ಎಷ್ಟು ಸೊನ್ನೆ ಹಾಕೀರಿ ನೆನಪೈತಾ?"

ಕಲಿಸಿದ್ದು ಹೀಗೆ ತಿರುಗಿ ಬರುತ್ತದೆಂದು ಗೊತ್ತಿದ್ದರೆ ಸಂಗೀತದ ಮೇಷ್ಟ್ರಾಗುತ್ತಿದ್ದೆ.

ಹಿರಿಯರು ಎಂದರೆ ಹಾಲಮ್ಮನ ಅಜ್ಜಿ ಗಂಗಜ್ಜಿ ಒಬ್ಬರೇ. ತಂದೆ ತಾಯಿ ಇಬ್ಬರೂ ತೀರಿಕೊಂಡು ಬಹಳ ವರ್ಷವಾಗಿತ್ತು. ಅಂದು ಮೊಮ್ಮಗಳ ಕೈ ಹಿಡಿದು ಶಾಲೆಗೆ ಕರೆತಂದು ನನಗೆ "ಶಿವರಾತ್ರಿ ಆಗಿ ಹದಿಮೂರು ದಿನಕ್ಕೆ" ಎಂದು ಹೇಳಿದವರೂ ಅವರೇ. ನಾವು ಮೂವರೂ ಅವರ ಮನೆಗೆ ಹೋದೆವು. ದಾರಿಯುದ್ದಕ್ಕೂ ನಾನು ಹದಿಮೂರನ್ನೇ ಎಣಿಸುತ್ತಿದ್ದೆ. ಅಜ್ಜಿ ಹದಿಮೂರೇ ಎಂದರೆ ಈ ಹೆಣ್ಣುಮಗಳ ಅರ್ಜಿ ಅಲ್ಲಿಗೆ ಮುಗಿಯಿತು, ಮುಗಿಸಿದವನು ನಾನು.

ಗಂಗಜ್ಜಿ ಕಟ್ಟೆಯ ಮೇಲೆ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ತೊಂಬತ್ತರ ಹತ್ತಿರ. ಹಲ್ಲೊಂದೂ ಇಲ್ಲ, ನೆನಪೊಂದೂ ಬಿದ್ದಿಲ್ಲ.

"ಅಜ್ಜೀ, ನಾನು ತಿಪ್ಪೇಸ್ವಾಮಿ ಮೇಷ್ಟ್ರು."

"ಗೊತ್ತಾತು. ಅವಸರದ ಮೇಷ್ಟ್ರು," ಎಂದರು.

ಊರಿನಲ್ಲಿ ನನಗೆ ಆ ಹೆಸರಿತ್ತೆಂದು ನನಗೆ ತಿಳಿದದ್ದು ಆಗಲೇ. ಶಶಿಕಲಾ ಬೇರೆ ಕಡೆ ನೋಡಿದಳು.

"ಅಜ್ಜೀ, ಈಕೆ ಹುಟ್ಟಿದ್ದು ಶಿವರಾತ್ರಿ ಆಗಿ ಹದಿಮೂರು ದಿನಕ್ಕೆ ಅಂದಿದ್ರಲ್ಲ, ಸರಿಯಾಗಿ ನೆನಪು ಮಾಡ್ಕೊಳ್ರಿ."

ಗಂಗಜ್ಜಿ ಕುಟ್ಟುವುದನ್ನು ನಿಲ್ಲಿಸಿದರು. "ಈಕೀನಾ? ಯಾರಂದ್ರು? ಹದಿಮೂರು ದಿನಕ್ಕೆ ಈದಿದ್ದು ಚುಕ್ಕಿ."

"ಯಾವ ಚುಕ್ಕಿ?"

"ನಮ್ಮ ಎಮ್ಮೆ."

ನನ್ನ ದುಂಡು ಅಕ್ಷರದ ದಾಖಲಾತಿ ಪುಸ್ತಕದಲ್ಲಿ, ಸರ್ಕಾರದ ಮೊಹರಿನ ಕೆಳಗೆ, ಒಂದು ಎಮ್ಮೆಯ ಕರು ಇಷ್ಟು ವರ್ಷ ಒಂದನೇ ಕ್ಲಾಸಿಗೆ ದಾಖಲಾಗಿತ್ತು.

"ಅಲ್ಲಜ್ಜೀ," ಎಂದೆ, "ನಾನು ಕೂಸು ಹುಟ್ಟಿದ ದಿನ ಅಲ್ವಾ ಕೇಳಿದ್ದು?"

"ಕೇಳಿದ್ದೇನೋ ಕೇಳ್ದೆ. ನಾನು ಹೇಳಾಕೆ ಶುರು ಮಾಡಿದೆ. ಶಿವರಾತ್ರಿ ಆಗಿ ಹದಿಮೂರು ದಿನಕ್ಕೆ ಅಂದೆ. ಚುಕ್ಕಿ ಈತು ಅನ್ನಾಕೆ ಬಾಯಿ ತೆರೆದೆ. ನೀನು 'ಸಾಕು ಸಾಕು ಅಜ್ಜಿ, ಮುಂದಿನೋರು ಬರ್ರಿ' ಅಂದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಪೈಕಿ ನೀನು. ಓದಿದೋರು, ಸಾಕು ಅಂದ್ರೆ ಸಾಕೇನೋ ಅಂತ ನಾನು ಎದ್ದು ಬಂದೆ."

"ಹಂಗಾದ್ರೆ ನಾನು ಯಾವಾಗ ಹುಟ್ಟಿದ್ದಜ್ಜೀ?" ಹಾಲಮ್ಮ ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಮೂವತ್ತೈದರ ಹೊಸ್ತಿಲಲ್ಲಿದ್ದ ಹೆಂಗಸು ಈ ಪ್ರಶ್ನೆಯನ್ನು ಕೇಳಿದ ರೀತಿ ನನಗೆ ಇಂದಿಗೂ ಕಿವಿಯಲ್ಲಿದೆ.

"ಗಿಣ್ಣ ತಿಂದ ದಿನ," ಎಂದರು ಗಂಗಜ್ಜಿ. "ಚುಕ್ಕಿ ಈದು ನಾಲ್ಕು ದಿನಕ್ಕೆ. ಅದು ಕಡೇ ಗಿಣ್ಣದ ಹಾಲು, ಮಾರನೇ ದಿನದಿಂದ ಹಾಲು ತೆಳ್ಳಗಾತು. ಬೆಲ್ಲ, ಏಲಕ್ಕಿ ಹಾಕಿ ಕಾಸಿದ್ದೆ. ನಿಮ್ಮವ್ವ ಎರಡು ಸಲ ಹಾಕಿಸ್ಕೊಂಡ್ಲು. ಮೂರನೇ ಸಲ ತಟ್ಟೆ ಮುಂದೆ ಹಿಡಿದೋಳು 'ಅತ್ತೇ' ಅಂದ್ಲು, ತಟ್ಟೆ ಬಿಟ್ಲು. ಸಂಜೆ ದೀಪ ಹಚ್ಚೋ ಹೊತ್ತಿಗೆ ನೀನು ಬಂದೆ. ಆ ಮೂರನೇ ಪಾಲನ್ನ ಯಾರೂ ತಿನ್ನಲಿಲ್ಲ."

ಶಶಿಕಲಾ ಮುಷ್ಟಿ ಹಿಡಿದಿದ್ದಳು. "ಮಾರ್ಚ್ ಎರಡಕ್ಕೆ ಎಮ್ಮೆ. ನಾಲ್ಕು ಕೂಡಿಸಿದ್ರೆ ಮಾರ್ಚ್ ಆರು," ಎಂದಳು. ಅಂದರೆ ಕಡೇ ದಿನಕ್ಕೆ ಮೂವತ್ತೈದು ತುಂಬಲು ಹಾಲಮ್ಮನಿಗೆ ಇನ್ನೂ ಎರಡು ದಿನ ಬಾಕಿ. ನಾನು ಗಂಗಜ್ಜಿಯನ್ನು ಕೇಳಿದೆ, "ಅಜ್ಜೀ, ಈ ಉದ್ಯೋಗದ ವಿಷಯ ಇವಳು ಮೊದಲೇ ನಿಮಗೆ ಹೇಳಿದ್ಲಾ?" ಶಶಿಕಲಾ ಕೇಳಲೇಬೇಕೆಂದಿದ್ದ ಪ್ರಶ್ನೆ ಅದು, ನಾನೇ ಕೇಳಿದೆ.

"ಯಾವ ಉದ್ಯೋಗ?" ಎಂದರು ಗಂಗಜ್ಜಿ. "ಈಕಿ ಏನನ್ನಾರ ಎಲ್ಲಿ ಹೇಳ್ತಾಳೆ? ಇವರಪ್ಪನ ಹಂಗೆ, ಬಾಯಿಗೆ ಬೀಗ."

ಅಲ್ಲೇ ಕಟ್ಟೆಯ ಮೇಲೆ ಕೂತು ನಾನು ತಪ್ಪೊಪ್ಪಿಗೆ ಬರೆದೆ. ಜೀವನದಲ್ಲಿ ಸಾವಿರಾರು ಮಕ್ಕಳಿಂದ ಬರೆಸಿದ್ದೆ, ಬರೆದದ್ದು ಅದೇ ಮೊದಲು. ಸರ್ಕಾರಿ ಕಾಗದವಾದ್ದರಿಂದ ಸರ್ಕಾರಿ ಭಾಷೆಯಲ್ಲೇ ಬರೆಯಬೇಕಾಯಿತು. 'ಗಣಿತ ಶಿಕ್ಷಕನಾಗಿದ್ದ ನಾನು ಸದರಿ ವರ್ಷದ ಫೆಬ್ರವರಿ ತಿಂಗಳಿಗೆ ಎರಡು ದಿನಗಳನ್ನು ಹೆಚ್ಚುವರಿಯಾಗಿ ಮಂಜೂರು ಮಾಡಿರುತ್ತೇನೆ. ಸದರಿ ದಿನಾಂಕವು ವಿದ್ಯಾರ್ಥಿನಿಯದ್ದಾಗಿರದೆ, ಸದರಿಯವರ ಮನೆಯ ಎಮ್ಮೆಯ ಕರುವಿನದ್ದಾಗಿರುತ್ತದೆ. ಅಜ್ಜಿಯವರ ಮಾತನ್ನು ನಾನು ಪೂರ್ತಿ ಕೇಳದಿದ್ದುದೇ ಇದಕ್ಕೆ ಕಾರಣವಾಗಿದ್ದ ಪ್ರಯುಕ್ತ...' ಎಂದು ಬರೆದು, ಕೆಳಗೆ ಶಿವರಾತ್ರಿಯಿಂದ ಗಿಣ್ಣದವರೆಗೆ ಲೆಕ್ಕವನ್ನು ಒಂದೊಂದೇ ಹಂತವಾಗಿ ತೋರಿಸಿದೆ. ಶಶಿಕಲಾ ಓದಿ, ಕೆಂಪು ಪೆನ್ನು ತೆಗೆದು, ಒಂದು ಅಲ್ಪವಿರಾಮ ತಿದ್ದಿದಳು. ಗಂಗಜ್ಜಿ ಹೆಬ್ಬೆಟ್ಟು ಒತ್ತಿದರು. ಒತ್ತುವ ಮೊದಲು, "ಚುಕ್ಕಿ ಹೆಸರು ಬರ್ದೀಯಾ?" ಎಂದು ಕೇಳಿದರು. ಬಿಟ್ಟಿತ್ತು. ಸೇರಿಸಿದೆ.

ಮರುದಿನ ಮೇಲಿನ ಕಚೇರಿಯಲ್ಲಿ ಗುಮಾಸ್ತರೊಬ್ಬರು ಅದನ್ನು ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಗಟ್ಟಿಯಾಗಿ ಓದಿದರು, ಆಮೇಲೆ ಪಕ್ಕದ ಕೋಣೆಯವರನ್ನೂ ಕರೆದು ಓದಿದರು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ. "ನಾನು ಸರ್ವಿಸಿನಲ್ಲಿ ಎಷ್ಟೋ ತಿದ್ದುಪಡಿ ನೋಡೀನಿ ಮೇಷ್ಟ್ರೇ. ಇಷ್ಟು ನಿಜ ಹೇಳಿದ್ದು ಇದೊಂದೇ," ಎಂದು ಸಹಿ ಹಾಕಿದರು. ಮಾರ್ಚ್ ಮೂರರ ಮಧ್ಯಾಹ್ನ ಅಂಗಡಿಯವನು ಆರನೇ ತಾರೀಖು ಒತ್ತಿದ. ಪೆಟ್ಟಿಗೆ ಹಸಿರಾಯಿತು. "ಹುಟ್ಟಿದ್ಯಲ್ಲಕ್ಕಾ!" ಎಂದು ಕೂಗಿದನಂತೆ.

ನನ್ನ ತಪ್ಪೊಪ್ಪಿಗೆಯ ಫೋಟೊವನ್ನು ಯಾರೋ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಈಗ ಹೊನ್ನಾಳಿಯಿಂದ ಜಗಳೂರಿನವರೆಗೆ ಅದನ್ನು ಓದದ ಮೇಷ್ಟ್ರಿಲ್ಲ. ಫೆಬ್ರವರಿ ಕೊನೆಗೆ ನನಗೆ ಎಮ್ಮೆಯ ಚಿತ್ರದೊಂದಿಗೆ ಶುಭಾಶಯಗಳು ಬರುತ್ತವೆ.

ಕೆಲಸ ಹಾಲಮ್ಮನಿಗೆ ಸಿಕ್ಕಿತು. ಅವಳ ಸಾರಿನ ರುಚಿಗೆ ಹಾಸ್ಟೆಲಿನ ಹುಡುಗಿಯರು ರಜಕ್ಕೂ ಊರಿಗೆ ಹೋಗಲು ಒಲ್ಲೆನ್ನುತ್ತಾರೆ ಎಂದು ಶಶಿಕಲಾ ಹೇಳಿದಳು. ಕಥೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ.

ಮೊನ್ನೆ ಮಾರ್ಚ್ ಆರರಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹಾಲಮ್ಮ ಡಬ್ಬಿ ಹಿಡಿದು ನಿಂತಿದ್ದಳು. ಪರಿಚಯದವರ ಮನೆಯಲ್ಲಿ ಎಮ್ಮೆ ಈದಿತ್ತಂತೆ, ಗಿಣ್ಣ ಮಾಡಿಕೊಂಡು ತಂದಿದ್ದಳು. ಸರೋಜ ತಟ್ಟೆಗೆ ಹಾಕಿಕೊಟ್ಟಳು. ತಿನ್ನುತ್ತ ನಾನು ಗತ್ತಿನಿಂದ, "ಅಂತೂ ನಿನಗೊಂದು ಹುಟ್ಟುಹಬ್ಬ ಸಿಕ್ತಲ್ಲಮ್ಮ" ಎಂದೆ.

"ಹೂಂ ಸರ್," ಎಂದಳು. ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು. "ಶಾಲೆಯಾಗೆ ನೀವು ದಿನಾ ಡೈರಿ ತೆಗೆದು, ಇವತ್ತು ಯಾರು ಹುಟ್ಟೀರಿ ಅಂತ ಕರೀತಿದ್ರಲ್ಲ. ನಂದು ಫೆಬ್ರವರಿ ಕಡೇಗೆ ಅಂತ ಸೇರಿಸ್ಕೊಂಡಾಗ ಅಂದಿದ್ರಲ್ಲ, ಅದಕ್ಕೆ ಆಗ ನಾನು ತಲೆಗೆ ಎಣ್ಣೆ ಹಾಕ್ಕೊಂಡು, ಒಗೆದ ಲಂಗ ಉಟ್ಕೊಂಡು ಬರ್ತಿದ್ದೆ ರೀ. ಇಪ್ಪತ್ತೆಂಟಕ್ಕೆ ಕರೀತಿರಲಿಲ್ಲ. ನಾಳೆ ಇರಬೇಕು ಅಂತ ಅದೇ ಲಂಗ ಉಟ್ಕೊಂಡು ಬಂದ್ರೆ ಬೋರ್ಡಿನ ಮೇಲೆ ಮಾರ್ಚ್ ಅಂತ ಬರ್ದಿರ್ತಿದ್ರಿ. ಏಳು ವರ್ಷನೂ ಹಂಗೇ ಆತು. ಒಂದು ಸಲ ಕೇಳಿದೆ, ಸರ್ ನಂದು ಯಾವಾಗ ಅಂತ."

"ನಾನೇನಂದೆ?" ಎಂದೆ. ಕೇಳಬಾರದಿತ್ತು.

"'ಬರುತ್ತೆ, ಕೂತ್ಕೋ' ಅಂದ್ರಿ."

ಅಂದಿನ ನನ್ನ ಡೈರಿಯಲ್ಲಿ ಫೆಬ್ರವರಿ ಮೂವತ್ತರ ಹಾಳೆ ಇರಲಿಲ್ಲ, ಯಾವ ಡೈರಿಯಲ್ಲೂ ಇರುವುದಿಲ್ಲ. ಬೇರೆಯವರಿಗೆ ಹೊಡೆದ ಚಪ್ಪಾಳೆಯನ್ನೆಲ್ಲ ಕೊನೆಯ ಬೆಂಚಿನ ಆ ಹುಡುಗಿಯೂ ಹೊಡೆದಿದ್ದಳು. ಅವಳನ್ನು ನಾನು ಏಳು ವರ್ಷದಲ್ಲಿ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಸರೋಜ ಎಂದಿನಂತೆ ಏನಾದರೂ ಚುಚ್ಚುತ್ತಾಳೆಂದು ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ತಟ್ಟೆ ಕೆಳಗಿಟ್ಟು ಎದ್ದು ನಿಂತೆ. "ಇಂದು ಹುಟ್ಟಿದವರು ಮುಂದೆ ಬನ್ನಿ," ಎಂದೆ, ಹಳೆಯ ದನಿಯಲ್ಲಿ, ಬೀದಿಗೂ ಕೇಳುವಂತೆ.

"ಅಯ್ಯೋ, ಬಿಡ್ರಿ ಸರ್," ಎಂದಳು ಹಾಲಮ್ಮ. ಆದರೆ ಎದ್ದು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಕಟ್ಟಿ ನಮ್ಮ ನಡುಮನೆಯ ಮಧ್ಯದಲ್ಲಿ ಬಂದು ನಿಂತಳು. ನಾನು ಚಪ್ಪಾಳೆ ಹೊಡೆದೆ, ಸರೋಜ ಹೊಡೆದಳು. ಏನಾಯಿತೆಂದು ಬಾಗಿಲಿಗೆ ಬಂದ ಪಕ್ಕದ ಮನೆಯವರೂ ಕಾರಣ ಕೇಳದೆ ಹೊಡೆದರು. ಪೆಪ್ಪರಮೆಂಟು ಇರಲಿಲ್ಲ. ಕೆಮ್ಮಿಗೆಂದು ತಂದಿಟ್ಟುಕೊಂಡಿದ್ದ ಚೀಪುವ ಮಾತ್ರೆಯ ಪಟ್ಟಿಯಿಂದ ಏಳು ಬಿಡಿಸಿ ಅವಳ ಕೈಗೆ ಹಾಕಿದೆ.

ಹಾಲಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. "ಇನ್ನು ಕೂತ್ಕೊಳ್ಲಾ ಸರ್?" ಎಂದಳು.